ಸಗಣಿ ಬಳಿದ ಬುಟ್ಟಿಯನ್ನು ತೊಳೆಯಬೇಡಿ

ಬುಟ್ಟಿ, ಮೊರ, ಮಡಕೆಗಳನ್ನು ವರ್ಷಾನುಗಟ್ಟಲೆ ಕೂಡಿಡುವವರು ಸಾಮಾನ್ಯವಾಗಿ ಆರಿಸುವುದು ಅಂದವಾದದ್ದನ್ನು, ಕಲೆ ಬೀಳದ್ದನ್ನು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಂತೂ ಈ ಆಯ್ಕೆ ತಲೆಕೆಳಗು. ಇಲ್ಲಿ ಮೇದರು ಹೆಣೆದದ್ದು, ಕುಂಬಾರರು ತಟ್ಟಿದ್ದು ರಾಗಿ, ತೆಂಗು, ಅಡಿಕೆ, ರೇಷ್ಮೆಯ ಸಂಸಾರಗಳಿಗೆ. ದುಡಿದ ಗುರುತಿದ್ದರೇ ಸಂಗ್ರಹಕ್ಕೆ ಬೆಲೆ. ರಾಗಿ ತುಂಬುವ ಬುಟ್ಟಿಗೆ ಸಗಣಿ ಬಳಿಯುವುದು ಸಂದಿನಲ್ಲಿ ಕಾಳು ಸೋರದಿರಲೆಂದು. ಗೋಡೆಗೆ ತೂಗುಹಾಕುವ ಆಸೆಗೆ ಅದನ್ನು ತೊಳೆದರೆ, ಯಾವ ಊರಿನದೂ ಆಗಬಹುದಾದ ಬಿದಿರಷ್ಟೇ ಉಳಿಯುತ್ತದೆ. ಕುಣಿಗಲ್ಲಿನ ಕಡೆ ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲು ಬಿಡುತ್ತಿದ್ದ ಚಂದ್ರಿಕೆಯೂ ಹಾಗೆಯೇ: ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಮಾಡಿದ್ದು. ಅದರಲ್ಲಿ ಸಿಕ್ಕಿಕೊಂಡ ಎಳೆ, ಹುಳುವಿನ ಕಲೆ ಕೆಲವರಿಗೆ ಕೊಳೆಯಾಗಿ ಕಾಣಬಹುದು, ಕಾಣಲಿ.

ಮಡಕೆಯ ಮೈಯಲ್ಲೂ ಓದುವುದಕ್ಕೆ ಬೇಕಾದಷ್ಟಿದೆ. ಕತ್ತಿನ ಬಳಿ ತಿಗರಿ ತಿರುಗಿದ ಸಣ್ಣ ಗೆರೆಗಳಿರುತ್ತವೆ. ಹೊಟ್ಟೆಗೆ ಇಳಿಯುತ್ತಿದ್ದಂತೆ ಅವು ಅಳಿಸಿಹೋಗಿ, ಬೆರಳಾಡಿಸಿದರೆ ಸಣ್ಣ ಚಪ್ಪಟೆ ಏಟುಗಳು ಸಿಗುತ್ತವೆ. ತಿಗರಿಯಿಂದ ದಪ್ಪಗೆ ಇಳಿದ ಮೈಯನ್ನು, ಅರೆ ಒಣಗಿದ ಮೇಲೆ, ಒಳಗೆ ಕಲ್ಲು ಕೊಟ್ಟು ಹೊರಗೆ ಮರದ ಹಲಗೆಯಿಂದ ತಟ್ಟಿ ತಳ ಗುಂಡಾಗಿಸಿದ ಗುರುತು ಅದು. ಆವಿಗೆಯಲ್ಲಿ ಹೊಗೆ ಕಟ್ಟಿಬಿದ್ದರೆ ಕಪ್ಪು, ಗಾಳಿಯಾಡಿದರೆ ಕೆಂಪು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ದಕ್ಷಿಣ ಭಾರತದ ಹಳೆಯ ಕಾಲಗಣನೆಗೆ ಆಧಾರವಾದದ್ದು ಇಂಥ ಮಡಕೆಗಳ ಬೋಕಿಗಳೇ. ಯಾವ ಬೋಕಿ ಯಾವ ಪದರದಲ್ಲಿ ಸಿಕ್ಕಿತೆಂದು ಬರೆದಿಟ್ಟಿದ್ದರಿಂದ ಅವು ಮಾತಾಡಿದವು. ಮನೆಯ ಸಂಗ್ರಾಹಕರೂ ಊರು, ಕೊಂಡ ವರ್ಷ, ಕೊಟ್ಟ ಬೆಲೆ, ಮಣ್ಣು ತಂದ ಕೆರೆ ಇಷ್ಟನ್ನಾದರೂ ಚೀಟಿಯಲ್ಲಿ ಬರೆದು ಕಟ್ಟಬೇಕು.

ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಿಂದಲೇ ಇದೆ. ಅದನ್ನು ಕಟ್ಟಿದವರಲ್ಲಿ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಪ್ರಮುಖರು. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರ ಜಾನಪದ ಲೋಕವಿದೆ. ಇಷ್ಟಿರುವಾಗ ಮನೆಮನೆಯ ಸಂಗ್ರಹ ಯಾಕೆಂದು ಕೇಳಬಹುದು. ರಾಜ್ಯಕ್ಕೆಲ್ಲ ಒಂದೆಂಬಂತಿರುವ ಸಂಸ್ಥೆಗೆ ಒಂದು ಬಗೆಯ ಮೊರ ಒಂದಿದ್ದರೆ ಸಾಕು. ಒಂದೇ ಮನೆಯವರು ಹೆಣೆದ ಮೊರವನ್ನು ಕೆಲವು ವರ್ಷಕ್ಕೊಮ್ಮೆ ಕೊಳ್ಳುತ್ತ ಹೋದರೆ ಮಾತ್ರ ದಬ್ಬೆ ತೆಳುವಾದದ್ದು, ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಬಂದದ್ದು ಕಣ್ಣಿಗೆ ಬೀಳುತ್ತದೆ. ಕೊಳ್ಳುವುದರಿಂದ ಆ ಮನೆಗೂ ನಾಲ್ಕು ಕಾಸು ಸೇರುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಜಾತಿಗೆ ಕಟ್ಟಿಹಾಕಿದ, ಹೊಟ್ಟೆ ತುಂಬಿಸದ ದುಡಿಮೆಯನ್ನು ಕಪಾಟಿನಲ್ಲಿಟ್ಟು ಮೆರೆಸುವುದು ಎಷ್ಟು ಸರಿ? ಮೇದರ, ಕುಂಬಾರರ ಮಕ್ಕಳು ಬೇರೆ ಉದ್ಯೋಗ ಹಿಡಿದರೆ ಒಳ್ಳೆಯದೇ; ಸಂಗ್ರಾಹಕರ ಹಂಬಲಕ್ಕಾಗಿ ಯಾರೂ ಹೆಣೆಯುತ್ತ ಕೂರಬೇಕಿಲ್ಲ. ಆದರೆ ಬೆಲೆ ಬರೆದ ಚೀಟಿ ಆ ಅನ್ಯಾಯಕ್ಕೂ ದಾಖಲೆ. ಈ ಕಸುಬುಗಳನ್ನೆಲ್ಲ ಪ್ಲಾಸ್ಟಿಕ್ ಒಂದೇ ನುಂಗಿತೆನ್ನುವುದು ಸುಲಭದ ಮಾತು; ಬಿದಿರು ಕೈಗೆ ಸಿಗುವುದಕ್ಕೂ ತೊಡಕಿತ್ತು. 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನು ಮರದ ಲೆಕ್ಕಕ್ಕೆ ಸೇರಿಸಿತ್ತು. ಕಾಡಿನಾಚೆ ಬೆಳೆದ ಬಿದಿರನ್ನು ಅದರಿಂದ ಬಿಡಿಸಲು 2017ರ ತಿದ್ದುಪಡಿಯೇ ಬೇಕಾಯಿತು. ಹೂಬಿಟ್ಟ ಮೆಳೆ ಒಟ್ಟಿಗೇ ಒಣಗುವ ಕಷ್ಟ ಬೇರೆ.

ಗೌರಿ ಹಬ್ಬದ ಬಾಗಿನದ ಮೊರ ಈಗಲೂ ಪೇಟೆಗೆ ಬರುತ್ತದೆ, ಅದಕ್ಕೆ ಅವಸರವಿಲ್ಲ. ಮೊದಲು ಹುಡುಕಬೇಕಾದದ್ದು ಗೊಬ್ಬರ ಹೊತ್ತು ಅಂಚು ಸಡಿಲಾದ ಮಂಕರಿಯನ್ನು. ಅದನ್ನು ಯಾರೂ ಮಾರಾಟಕ್ಕೆ ಇಡುವುದಿಲ್ಲ, ಕೊಟ್ಟಿಗೆಯವರನ್ನು ಕೇಳಿಯೇ ಪಡೆಯಬೇಕು.