ಲೀವರ್ ರೈಫಲ್ ಗುಂಡಿಗೇಕೆ ಮೊಂಡು ಮೂತಿ?

ಪ್ರಶ್ನೆ: ಕೌಬಾಯ್ ಸಿನಿಮಾಗಳಲ್ಲಿ ಕಾಣುವ ಲೀವರ್ ರೈಫಲ್ ಹಿಡಿದು ಅಮೆರಿಕದಲ್ಲಿ ಈಗಲೂ ಬೇಟೆಗೆ ಹೋಗುತ್ತಾರಂತೆ. ಅದರ ಗುಂಡಿನ ಮೂತಿ ಮೊಂಡಾಗಿರುವುದೇಕೆ?

ಉತ್ತರ: ಹೋಗುತ್ತಾರೆ, ಹೆಚ್ಚಾಗಿ ಜಿಂಕೆ ಬೇಟೆಗೆ. ಮೂತಿಯ ಗುಟ್ಟಿರುವುದು ನಳಿಗೆಯ ಕೆಳಗಿನ ಕೊಳವೆಯಲ್ಲಿ. ತೋಟಾಗಳು ಅದರೊಳಗೆ ಸಾಲಾಗಿ, ಮುಂದಿನದರ ಬುಡಕ್ಕೆ ಹಿಂದಿನದರ ಮೂತಿ ತಾಗುವಂತೆ ಮಲಗಿರುತ್ತವೆ. ಬುಡದ ನಡುವೆ ಇರುವುದು ಪ್ರೈಮರ್. ಪೆಟ್ಟು ಬಿದ್ದರೆ ಸಿಡಿಯುವುದೇ ಅದರ ಕೆಲಸ. ಮೂತಿ ಚೂಪಾಗಿದ್ದರೆ ಗುಂಡು ಹಾರಿದಾಗಿನ ಒದೆತಕ್ಕೆ ಅದು ಮೊಳೆಯಂತೆ ಚುಚ್ಚಿ, ತೋಟಾ ಕೊಳವೆಯಲ್ಲೇ ಸಿಡಿದೀತು. ಬೇಟೆಗಾರನ ಎಡಗೈ ಇರುವುದೂ ಅಲ್ಲಿಯೇ!

ಆದರೆ ಮೊಂಡು ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಹಾಗಾಗಿ ವಿಂಚೆಸ್ಟರ್ 1894, ಮಾರ್ಲಿನ್ 336ರಂಥವುಗಳ ಮಾಮೂಲಿ .30-30 ತೋಟಾ ಸುಮಾರು 150 ಗಜದೊಳಗಿನ ಕಾಡುಬೇಟೆಗೇ ಸರಿ. ಕರಡಿಯ ಸೀಮೆಯಲ್ಲಿ .45-70 ಬೇಕೆನ್ನುವವರು ಬಹಳ. ಬಯಲಲ್ಲಿ ದೂರದ ಗುರಿಯೇ ಮುಖ್ಯವೆಂದರೆ ನನ್ನ ಮತ ಬ್ರೌನಿಂಗ್ ಬಿಎಲ್‌ಆರ್‌ಗೆ: ಅದಕ್ಕೆ ಕೊಳವೆಯಿಲ್ಲ, ಪೆಟ್ಟಿಗೆ ಮ್ಯಾಗಜೀನ್ ಇದೆ, ಚೂಪು ಗುಂಡೂ ನಡೆಯುತ್ತದೆ. ದುರ್ಬೀನು ಕೂರಿಸುವುದಿದ್ದರೆ ಖಾಲಿ ತೋಟಾವನ್ನು ಪಕ್ಕಕ್ಕೆ ಉಗುಳುವ ಮಾರ್ಲಿನ್ ಮೇಲು. ಹಳೆಯ ವಿಂಚೆಸ್ಟರ್ ನೇರ ಮೇಲಕ್ಕೇ ಉಗುಳುತ್ತದೆ.