ಬಣ್ಣ ಬದಲಿಸುವ ಹೈಡ್ರೇಂಜಿಯ

ಮಡಿಕೇರಿಗೆ ಹೋಗಿಬಂದ ಬೆಳೆಗಾರರು ಅಲ್ಲಿಯ ಮನೆಯಂಗಳಗಳಲ್ಲಿ ಎಲೆಕೋಸಿನಷ್ಟು ದೊಡ್ಡ ನೀಲಿ ಹೂಗೊಂಚಲುಗಳನ್ನು ನೋಡಿರಬಹುದು. ಇದೇ ಹೈಡ್ರೇಂಜಿಯ. ಜಪಾನು ಇದರ ತವರು. ಇದರ ಟೊಂಗೆಯನ್ನು ತಂದು ಹತ್ತಿಮತ್ತೂರಿನ ಎರೆಭೂಮಿಯಲ್ಲಿ ನೆಟ್ಟರೆ ಎಲೆ ಹಳದಿಯಾಗುತ್ತದೆ. ಹೂ ಬಿಟ್ಟರೂ ಗುಲಾಬಿ ಬಣ್ಣದ್ದಾಗುತ್ತದೆ. ಗಿಡ ಕೊಟ್ಟವರು ಮೋಸ ಮಾಡಿದರೆಂದು ತಿಳಿಯಬೇಕಾಗಿಲ್ಲ. ವ್ಯತ್ಯಾಸವಿರುವುದು ಮಣ್ಣಿನಲ್ಲಿ.

ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ದೊರೆಯುತ್ತದೆ. ಅದು ಹೂವಿನ ವರ್ಣದ್ರವ್ಯದೊಡನೆ ಕೂಡಿದಾಗ ನೀಲಿ ಬಣ್ಣ ಬರುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗದು. ಕಬ್ಬಿಣವೂ ಸರಿಯಾಗಿ ಸಿಗದೆ ಎಲೆ ಬಿಳಿಚಿಕೊಳ್ಳುತ್ತದೆ. ರಸಸಾರ 5.5ಕ್ಕಿಂತ ಕಡಿಮೆಯಿದ್ದರೆ ನೀಲಿ, 6.5ಕ್ಕಿಂತ ಹೆಚ್ಚಿದ್ದರೆ ಗುಲಾಬಿ, ನಡುವೆ ನೇರಳೆ ಎಂಬುದು ಸ್ಥೂಲ ಲೆಕ್ಕ. ಬಿಳಿ ಹೂವಿನ ತಳಿಗಳು ಮಾತ್ರ ಹೀಗೆ ಬದಲಾಗುವುದಿಲ್ಲ.

ನಮ್ಮ ಕಡೆ ಇದನ್ನು ಕುಂಡದಲ್ಲಿ ಬೆಳೆಸುವುದೇ ಲೇಸು. ಮಳೆಗಾಲದಲ್ಲಿ ಹೂ ಬಿಡದ ಟೊಂಗೆಯಿಂದ 4ರಿಂದ 6 ಅಂಗುಲದ ತುಂಡು ಕತ್ತರಿಸಿ, ಕೆಳಗಿನ ಎಲೆ ತೆಗೆದು, ತೇವದ ಮರಳಿನಲ್ಲಿ ನೆಡಬೇಕು. ಮೂರು ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ಬಳಿಕ ಮಸಾರಿ ಮಣ್ಣು ಎರಡು ಪಾಲು, ಎಲೆಗೊಬ್ಬರ ಎರಡು ಪಾಲು, ಚೆನ್ನಾಗಿ ಕಳಿತ ಸಗಣಿಗೊಬ್ಬರ ಒಂದು ಪಾಲು ಬೆರೆಸಿದ 12 ಅಂಗುಲದ ಕುಂಡಕ್ಕೆ ಬದಲಿಸಬೇಕು. ಕುಂಡದ ತಳದಲ್ಲಿ ನೀರು ಬಸಿಯಲು ತೂತು ಇರಲಿ. ಸುಣ್ಣವನ್ನಾಗಲಿ ರಂಜಕದ ಗೊಬ್ಬರವನ್ನಾಗಲಿ ಹಾಕಬಾರದು. ಸವುಳು ನೀರಿಗಿಂತ ಶೇಖರಿಸಿದ ಮಳೆನೀರು ಉತ್ತಮ.

ಬೆಳಗಿನ ಎಳೆಬಿಸಿಲು ಬಿದ್ದು, ಮಧ್ಯಾಹ್ನ ನೆರಳಿರುವ ಅಡಿಕೆ ತೋಟದ ಅಥವಾ ಎಲೆಬಳ್ಳಿ ತೋಟದ ಅಂಚು ಇದಕ್ಕೆ ಹಿಡಿಸುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಗೊಡಬಾರದು. ಹೂ ಮುಗಿದ ಕೂಡಲೆ ಸವರಬೇಕು; ತಡಮಾಡಿದರೆ ಮುಂದಿನ ವರ್ಷದ ಮೊಗ್ಗುಗಳೇ ಕತ್ತರಿಗೆ ಸಿಗುತ್ತವೆ. ಎಲೆ, ಮೊಗ್ಗು ವಿಷಕಾರಿಯಾದ್ದರಿಂದ ದನಕರುಗಳ ಬಾಯಿಗೆ ಎಟುಕದಂತೆ ಇಡತಕ್ಕದ್ದು.

ಇನ್ನು ಬೆಳೆಗಾರರು ಮುಖ್ಯವಾಗಿ ಗಮನಿಸಬೇಕಾದ ಮಾತು. ಹೂವಿಗೆ ಹಿತವಾದ ಮಣ್ಣು ಬೆಳೆಗೂ ಹಿತವೆಂದು ತಿಳಿಯಬಾರದು. ಕಾಫಿಗೆ 6ರಿಂದ 6.5ರ ರಸಸಾರ ಒಳ್ಳೆಯದು. ಆದ್ದರಿಂದ ಕಾಫಿ ತೋಟದ ನಡುವೆ ಕಡುನೀಲಿ ಹೂ ಅರಳಿದರೆ ಅಲ್ಲಿಯ ಮಣ್ಣು ಸುಣ್ಣ ಬೇಡುತ್ತಿರಬಹುದು. ಹಾಗೆಂದು ಹೂವನ್ನು ನೋಡಿಯೇ ಸುಣ್ಣದ ಚೀಲ ಬಿಚ್ಚುವುದೂ ಸಲ್ಲದು. ಅಂಗಳದ ಗಿಡ ಹೇಳುವುದು ತನ್ನ ಬುಡದ ಮಣ್ಣಿನ ಸುದ್ದಿಯನ್ನು ಮಾತ್ರ. ಗೋಡೆಯ ಸುಣ್ಣ ಸೋರಿದರೂ ಅದರ ಬಣ್ಣ ಬದಲಾದೀತು. ತೋಟದ ನಾಲ್ಕಾರು ಕಡೆಯಿಂದ ಮಣ್ಣು ತೆಗೆದು ಪರೀಕ್ಷೆ ಮಾಡಿಸಿ, ಅದರಂತೆ ಸುಣ್ಣ ಹಾಕಿದರೆ ಹಣವೂ ಉಳಿದೀತು, ಬೆಳೆಯೂ ಉಳಿದೀತು.