ಯೂರಿಯಾ ಚೀಲದ ಹಿಂದಿನ ಲೆಕ್ಕ

ಭೀಮಾ ತೀರದ ಆಲಮೇಲದ ಕಬ್ಬಿನ ಹೊಲಕ್ಕೆ ಬೀಳುವ ಯೂರಿಯಾ ಹುಟ್ಟುವುದು ಅಮೋನಿಯಾದಿಂದ. ಪಣಂಬೂರಿನ ಎಂಸಿಎಫ್ ಕಾರ್ಖಾನೆಯಲ್ಲೂ ನಡೆಯುವುದು ಇದೇ: ಒಂದು ನೈಟ್ರೋಜನ್, ಮೂರು ಹೈಡ್ರೋಜನ್ ಕೂಡಿ ಎರಡು ಅಮೋನಿಯಾ. ಆದರೆ ಕ್ರಿಯೆ ಪೂರ್ತಿಯಾಗುವುದಿಲ್ಲ. ನಡುವೆಯೇ ಸಮತೋಲನಕ್ಕೆ ಬಂದು ನಿಲ್ಲುತ್ತದೆ. ಎಲ್ಲಿ ನಿಂತಿತೆಂದು ತಿಳಿಸುವ ಸ್ಥಿರಾಂಕವನ್ನು ಅನಿಲಗಳ ಸಾರತೆಯಿಂದ (ಲೀಟರಿಗೆ ಎಷ್ಟು ಮೋಲ್) ಎಣಿಸಿದರೆ ಕೆಸಿ, ಒತ್ತಡದಿಂದ ಎಣಿಸಿದರೆ ಕೆಪಿ.

ಪಿಯುಸಿ ಮಕ್ಕಳು ಎಡವುವುದು ಒಂದರಿಂದ ಇನ್ನೊಂದಕ್ಕೆ ದಾಟುವಾಗ. ಸೂತ್ರ ಬಾಯಿಪಾಠ, ಕಾರಣ ಗೊತ್ತಿಲ್ಲ. ಕಾರಣವೋ ಸರಳ: ಸಾರತೆಯನ್ನು ಆರ್‌ಟಿಯಿಂದ ಗುಣಿಸಿದರೆ ಒತ್ತಡ. ಆರ್ ಎಂದರೆ ಅನಿಲ ಸ್ಥಿರಾಂಕ, ಟಿ ಎಂದರೆ ಕೆಲ್ವಿನ್ ಉಷ್ಣತೆ. ಅಮೋನಿಯಾ ಲೆಕ್ಕದಲ್ಲಿ ಮೇಲೆ ಎರಡು ಆರ್‌ಟಿ, ಕೆಳಗೆ ನಾಲ್ಕು. ಹೊಡೆದುಹಾಕಿದರೆ ಕೆಳಗೆ ಎರಡು ಉಳಿಯುತ್ತವೆ. ಆದ್ದರಿಂದ ಕೆಸಿಯನ್ನು ಆರ್‌ಟಿಯ ವರ್ಗದಿಂದ ಭಾಗಿಸಿದರೆ ಕೆಪಿ.

ಇಂಥ ಕಾರ್ಖಾನೆಗಳ ಉಷ್ಣತೆ ಸುಮಾರು 450 ಡಿಗ್ರಿ ಸೆಲ್ಸಿಯಸ್, ಅಂದರೆ 723 ಕೆಲ್ವಿನ್. ಒತ್ತಡ ಬಾರ್‌ನಲ್ಲಿದ್ದರೆ ಆರ್ 0.0831, ಆರ್‌ಟಿ ಸುಮಾರು 60, ವರ್ಗ 3,600. ಭಾಗಿಸುವ ಬದಲು ಗುಣಿಸಿದವನ ಉತ್ತರ ಒಂದು ಕೋಟಿಗೂ ಹೆಚ್ಚು ಪಟ್ಟು ತಪ್ಪು! ಹೈಡ್ರೋಜನ್ ಅಯೋಡೈಡಿನಲ್ಲಿ ಈ ತಂಟೆಯಿಲ್ಲ: ಎರಡೂ ಕಡೆ ಎರಡೆರಡು ಮೋಲ್, ಕೆಪಿ–ಕೆಸಿ ಒಂದೇ. ಇನ್ನು ಕೆಲವರು ಕಣ್ಣುಮುಚ್ಚಿ ಆರ್‌ಗೆ 8.314 ಹಾಕುತ್ತಾರೆ. ಅದು ಪ್ಯಾಸ್ಕಲ್, ಘನಮೀಟರುಗಳ ಲೆಕ್ಕಕ್ಕೆ, ಬಾರ್, ಲೀಟರುಗಳಿಗಲ್ಲ.